ಕೋಳಿಯ ಹೊಟ್ಟೆ ಊದಿದೆ, ಮೊಟ್ಟೆ ಸಿಕ್ಕಿಕೊಂಡಿದೆಯಾ?

ಎರಡು ವರ್ಷದ ಬಿವಿ 380 (ಜಾಸ್ತಿ ಮೊಟ್ಟೆಗಾಗಿಯೇ ಬೆಳೆಸಿದ ತಳಿ) ಕೋಳಿ, ವಾರದಿಂದ ಮೊಟ್ಟೆ ಇಟ್ಟಿಲ್ಲ, ಹೊಟ್ಟೆ ಊದಿದೆ, ಬಾಲ ಇಳಿಬಿಟ್ಟು ಎದೆ ಎತ್ತಿ ನೆಟ್ಟಗೆ ನಿಲ್ಲುತ್ತದೆ ಅಂತ ಬರೆದಿದ್ದೀರಿ. ಮೊಟ್ಟೆ ಸಿಕ್ಕಿಕೊಂಡಿದೆ, ಎಣ್ಣೆ ಹಚ್ಚಿ ಒತ್ತಿ ತೆಗೆಯಿರಿ ಅಂತ ಪಕ್ಕದ ಮನೆಯವರು ಹೇಳಿದ್ದಾರೆ, ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಒತ್ತಬೇಡಿ. ಒಳಗೆ ನಿಜವಾಗಿ ಮೊಟ್ಟೆ ಇದ್ದರೂ ಒತ್ತಬಾರದು. ಅದು ಒಡೆದರೆ ಚಿಪ್ಪಿನ ಚೂರು ಮೊಟ್ಟೆನಾಳವನ್ನು ಸೀಳುತ್ತದೆ. ಜೋರಾಗಿ ಒತ್ತಿದರೆ ನಾಳವೇ ಹೊರಗೆ ಬರಬಹುದು. ಅಲ್ಲದೆ, ನೀವು ಹೇಳಿದ್ದನ್ನು ನೋಡಿದರೆ ಇದು ಮೊಟ್ಟೆ ಸಿಕ್ಕಿಕೊಂಡಿರುವುದಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗೆ ಸಿಕ್ಕಿಕೊಂಡ ಕೋಳಿ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ತೀರಾ ಕೆಡುತ್ತದೆ. ಒಂದು ವಾರ ಎಳೆಯುವುದು ಅಪರೂಪ.

ಮೊದಲು ಕೈಯಿಂದ ಮುಟ್ಟಿ ನೋಡಿ. ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ ಎತ್ತಿಕೊಂಡರೆ ಗಲಾಟೆ ಮಾಡುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡು, ಎದೆಮೂಳೆ ಮುಗಿಯುವಲ್ಲಿಂದ ಮೊಟ್ಟೆ ಬರುವ ಜಾಗದವರೆಗೆ ಅಂಗೈಯನ್ನು ಮೆಲ್ಲಗೆ ಆಡಿಸಿ. ಆರೋಗ್ಯವಾಗಿರುವ ಇನ್ನೊಂದು ಕೋಳಿಯನ್ನೂ ಹೀಗೇ ಮುಟ್ಟಿ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಚೆನ್ನಾಗಿರುವ ಕೋಳಿಯ ಹೊಟ್ಟೆ ಮೆತ್ತಗೆ, ಹಿಡಿತವಿಲ್ಲದೆ ಇರುತ್ತದೆ. ನೀರು ತುಂಬಿದ ಬಲೂನಿನ ಹಾಗೆ ಬಿಗಿಯಾಗಿ ಕುಲುಕುತ್ತಿದ್ದರೆ ಒಳಗೆ ದ್ರವ ತುಂಬಿದೆ ಅಂತ ಅರ್ಥ. ಗುಂಡಗೆ ಗಟ್ಟಿಯಾಗಿ ಏನೋ ಸಿಕ್ಕಿದರೆ ಮೊಟ್ಟೆ ಇರಬಹುದು. ಆದರೆ ಅಷ್ಟಕ್ಕೇ ಗಾಬರಿಯಾಗಬೇಡಿ. ಒಂದು ಮೊಟ್ಟೆ ತಯಾರಾಗಲು 25 ಗಂಟೆಯ ಆಸುಪಾಸು ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹಾಗಾಗಿ ರಾತ್ರಿ ಹೊತ್ತು ಒಳಗೆ ಮೊಟ್ಟೆ ಸಿಗುವುದು ಸಹಜ. ಮರುದಿನವೂ ಅಲ್ಲೇ ಇದ್ದು, ಕೋಳಿ ಮತ್ತೆ ಮತ್ತೆ ತಿಣುಕುತ್ತಿದ್ದರೆ ಮಾತ್ರ ತೊಂದರೆ.

ಹೊಟ್ಟೆಯಲ್ಲಿ ದ್ರವ ತುಂಬಲು ಬಿವಿ 380 ತರಹದ ಕೋಳಿಗಳಲ್ಲಿ ನಾನು ಮೊದಲು ಅನುಮಾನಿಸುವ ಕಾರಣ ಇದು: ಅಂಡಾಶಯದಿಂದ ಬಿಟ್ಟ ಹಳದಿ ಲೋಳೆ ನಾಳದ ಬಾಯಿಗೆ ಸಿಗದೆ ಹೊಟ್ಟೆಯೊಳಗೆ ಬೀಳುತ್ತದೆ. ಅಪರೂಪಕ್ಕೊಮ್ಮೆ ಬಿದ್ದರೆ ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಪದೇ ಪದೇ ಬಿದ್ದರೆ, ಅಥವಾ ಜೊತೆಗೆ ಇ. ಕೋಲಿ ಬ್ಯಾಕ್ಟೀರಿಯಾ ಸೇರಿಕೊಂಡರೆ, ಒಳಗೆ ಸೋಂಕಾಗಿ ನೀರು ತುಂಬುತ್ತದೆ. ಆ ನೀರು ಗಾಳಿಚೀಲಗಳನ್ನು ಒತ್ತುವುದರಿಂದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ನಾಟಿ ಕೋಳಿಗಳಲ್ಲಿ ಇದು ಕಡಿಮೆ. ವರ್ಷಕ್ಕೆ 60-80 ಮೊಟ್ಟೆ ಇಟ್ಟು, ನಡುವೆ ಕಾವಿಗೆ ಕೂತು ಅವು ಸುಧಾರಿಸಿಕೊಳ್ಳುತ್ತವೆ. ಬಿವಿ 380 ವರ್ಷಕ್ಕೆ 300ರ ಹತ್ತಿರ ಇಡುತ್ತದೆ. ಪಾಪ, ಅದರ ದೇಹಕ್ಕೆ ಬಿಡುವೇ ಇಲ್ಲ. ಅಂಡಾಶಯದ ಕ್ಯಾನ್ಸರ್ ಕೂಡ ವಯಸ್ಸಾದ ಮೊಟ್ಟೆ ಕೋಳಿಗಳಲ್ಲಿ ತಾನಾಗಿ ಬರುತ್ತದೆ, ಆಗಲೂ ಹೊಟ್ಟೆ ಹೀಗೇ ಊದುತ್ತದೆ.

ಗೂಡಿನಲ್ಲಿ ಇನ್ನೊಂದನ್ನೂ ಹುಡುಕಿ. ಮೊಟ್ಟೆಯಷ್ಟೇ ದಪ್ಪದ, ಚಿಪ್ಪಿಲ್ಲದ, ರಬ್ಬರಿನಂತೆ ಬಿಗಿಯಾದ ಮಾಸಲು ಹಳದಿ ಗಡ್ಡೆ ಬಿದ್ದಿದೆಯಾ? ಕೊಯ್ದರೆ ಒಳಗೆ ಪದರ ಪದರ, ಕೆಟ್ಟ ವಾಸನೆ. ನಮ್ಮ ಒಂದು ಕೋಳಿ ಅಂಥದ್ದನ್ನು ಹಾಕಿದಾಗ ತೊಗಲು ಮೊಟ್ಟೆ (ಗಟ್ಟಿ ಚಿಪ್ಪು ಕಟ್ಟದ ಮೊಟ್ಟೆ) ಇರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅದು ತೊಗಲು ಮೊಟ್ಟೆ ಅಲ್ಲ, ಮೊಟ್ಟೆನಾಳದ ಸೋಂಕಿನಿಂದ ಕಟ್ಟಿದ ಗಟ್ಟಿ ಕೀವು. ಸಿಕ್ಕಿದರೆ ಎಸೆಯಬೇಡಿ, ಕವರಿನಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ.

ದ್ರವ ತುಂಬಿದ್ದರೆ ಮನೆಮದ್ದಿಗೆ ಬಗ್ಗುವುದಿಲ್ಲ. ನಾಳೆಯೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾಹನ ಇಲ್ಲದಿದ್ದರೆ ಪಶುಸಂಜೀವಿನಿಯ (ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆ) 1962ಕ್ಕೆ ಫೋನ್ ಮಾಡಿ ಕೇಳಿ. ಡಾಕ್ಟರು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ನೀರು ತೆಗೆದರೆ ಉಸಿರಾಟ ಹಗುರಾಗುತ್ತದೆ. ನೀವೇ ಚುಚ್ಚಲು ಹೋಗಬೇಡಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಮಾತ್ರೆ ಸುಮ್ನೆ ಪುಡಿ ಮಾಡಿ ಕೊಡಬೇಡಿ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಂಡೇ ಬನ್ನಿ. ಒಂದು ಮಾತು ನೇರವಾಗಿ ಹೇಳುತ್ತೇನೆ: ನೀರು ತೆಗೆದರೆ ಆರಾಮ ಸಿಗುತ್ತದೆ, ಕಾಯಿಲೆ ವಾಸಿಯಾಗುವುದು ಕಡಿಮೆ. ಮೇವು ಪೂರ್ತಿ ಬಿಟ್ಟು, ತುರಾಯಿ ನೀಲಿಗಟ್ಟಿ, ಕೂತಲ್ಲೇ ಕೂತಿದ್ದರೆ ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅದನ್ನು ನರಳಲು ಬಿಡುವುದಕ್ಕಿಂತ ಇದೇ ಒಳ್ಳೆಯದು.

ಅಕಸ್ಮಾತ್ ಮೊಟ್ಟೆಯೇ ಸಿಕ್ಕಿಕೊಂಡಿದ್ದರೆ, ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 20-30 ನಿಮಿಷ ಹೊಟ್ಟೆ ಮುಳುಗುವಂತೆ ಕೂರಿಸಿ. ಆಮೇಲೆ ಚೆನ್ನಾಗಿ ಒರೆಸಿ, ಬೆಚ್ಚಗಿನ, ಕತ್ತಲೆಯ, ಸದ್ದಿಲ್ಲದ ಜಾಗದಲ್ಲಿ ಬಿಡಿ. ಅಷ್ಟಕ್ಕೂ ಬರದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕ್ಯಾಲ್ಸಿಯಂ ಇಂಜೆಕ್ಷನ್ ಅವರೇ ಕೊಡುತ್ತಾರೆ. ಕೆಂಪಗೆ ಮಾಂಸ ಹೊರಬಂದಿದ್ದರೆ ತಕ್ಷಣ ಆ ಕೋಳಿಯನ್ನು ಬೇರೆ ಮಾಡಿ. ಉಳಿದವು ರಕ್ತದ ಬಣ್ಣ ಕಂಡು ಕುಕ್ಕಿ ಕುಕ್ಕಿ ಸಾಯಿಸುತ್ತವೆ.

ಉಳಿದ ಕೋಳಿಗಳಿಗೆ ಬರೀ ಅಕ್ಕಿ, ಜೋಳ, ರಾಗಿ ಸಾಲದು. ಮೊಟ್ಟೆ ಇಡುವ ಕೋಳಿಗೆ 3.5ರಿಂದ 4 ಶೇಕಡ ಕ್ಯಾಲ್ಸಿಯಂ ಇರುವ ಲೇಯರ್ ಫೀಡ್ ಬೇಕು. ಜೊತೆಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಮರಿಗಳಿಗೆ ಮಾತ್ರ ಈ ಫೀಡ್ ಬೇಡ, ಜಾಸ್ತಿ ಕ್ಯಾಲ್ಸಿಯಂನಿಂದ ಅವುಗಳ ಕಿಡ್ನಿ ಕೆಡುತ್ತದೆ. ಮೊಟ್ಟೆ ಜಾಸ್ತಿಯಾಗಲಿ ಅಂತ ರಾತ್ರಿ ಬಲ್ಬ್ ಹಾಕುತ್ತಿದ್ದರೆ ನಿಲ್ಲಿಸಿಬಿಡಿ. ಒಂದೇ ಸಲ ಮೂರ್ನಾಲ್ಕು ಕೋಳಿ ತೊಗಲು ಮೊಟ್ಟೆ ಇಟ್ಟು ಕೆಮ್ಮುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಕೋಳಿಗಳಲ್ಲಿ ಬೇಗ ಹರಡುವ ಕೊಕ್ಕರೆ ರೋಗ (ರಾಣಿಖೇತ್) ಆಗಿರಬಹುದು, ತಡ ಮಾಡದೆ ಆಸ್ಪತ್ರೆಗೆ ತಿಳಿಸಿ.

ಈ ಕೋಳಿ ಉಳಿಯದೇ ಹೋದರೆ ತಕ್ಷಣ ಹೂಳಬೇಡಿ. ಪೋಸ್ಟ್‌ಮಾರ್ಟಂ ಮಾಡಲು ಆಗುತ್ತದಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ. ಬೆಂಗಳೂರಿನ ಹತ್ತಿರದವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಐಸ್ ಜೊತೆ ಡಬ್ಬಿಯಲ್ಲಿಟ್ಟು ಅವತ್ತೇ ತಲುಪಿಸಬೇಕು. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿದರೆ ಒಳಗಿನ ಅಂಗ ಕೆಟ್ಟು ಸರಿಯಾಗಿ ಗೊತ್ತಾಗುವುದಿಲ್ಲ.