ಜೆಇ ಪರೀಕ್ಷೆಗೆ ಐಎಸ್ ಕೋಡ್: ಯಾವುದನ್ನು ಓದಬೇಕು, ಎಷ್ಟು ಓದಬೇಕು

ಡಿಪ್ಲೊಮಾ ಸಿವಿಲ್ ಮುಗಿಸಿ ಮಂಡ್ಯದಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೀರಿ, ಕೆಪಿಎಸ್‌ಸಿ ಜೆಇ (ಜೂನಿಯರ್ ಎಂಜಿನಿಯರ್) ಪರೀಕ್ಷೆ ಬರೆಯಬೇಕು ಅಂತಿದ್ದೀರಿ. ಐಎಸ್ ಕೋಡ್‌ಗಳನ್ನು, ಅಂದ್ರೆ ಕಟ್ಟಡ ಕೆಲಸದ ಭಾರತೀಯ ಮಾನಕಗಳನ್ನು, ಪೂರ್ತಿ ಬಾಯಿಪಾಠ ಮಾಡಬೇಕಾ, ಇಲ್ಲಾ ಗೈಡ್ ಸಾಕಾ ಅಂತ ಕೇಳಿದ್ದೀರಿ. ನಾನೂ ಡಿಪ್ಲೊಮಾ ಮಾಡಿ ಇದೇ ದಾರಿಯಲ್ಲಿ ಬಂದವನು, ಈಗ ಕೆಲಸ ಮೈಸೂರಲ್ಲಿ. ನನ್ನ ಪ್ರಕಾರ ಎರಡೂ ಬೇಡ. ಕಾಂಕ್ರೀಟಿನ ಕೋಡ್ ಆದ ಐಎಸ್ 456:2000 ಒಂದನ್ನು ಮಾತ್ರ ಮೂಲದಲ್ಲೇ ಓದಿ, ಅದೂ ಆಯ್ದ ಭಾಗ. ಉಳಿದ ಕೋಡ್‌ಗಳಲ್ಲಿ ಒಂದೆರಡು ಕೋಷ್ಟಕ ನೋಡಿಕೊಂಡರೆ ನಡೆಯುತ್ತೆ.

ಮೂಲ ಪ್ರತಿಗೆ ದುಡ್ಡು ಕೊಡಬೇಡಿ. ಕೋಡ್ ಹೊರತರೋ ಬಿಐಎಸ್‌ನವರ (ಭಾರತೀಯ ಮಾನಕ ಬ್ಯೂರೊ) ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಪಿಡಿಎಫ್ ಉಚಿತವಾಗಿ ಸಿಗುತ್ತೆ. ಜೊತೆಗಿರುವ ತಿದ್ದುಪಡಿ ಹಾಳೆಗಳನ್ನೂ ಇಳಿಸಿಕೊಳ್ಳಿ. ಜೆರಾಕ್ಸ್ ಅಂಗಡಿಯ ಹಳೇ ಪ್ರತಿಗಳಲ್ಲಿ ಅವು ಇರೋದೇ ಅಪರೂಪ.

ಗೈಡ್ ಯಾಕೆ ಸಾಲದು ಅಂದ್ರೆ, ಅದರಲ್ಲಿ ಅಂಕಿ ಇರುತ್ತೆ, ಷರತ್ತು ಇರಲ್ಲ. ಪ್ರಶ್ನೆ ತೆಗೆಯೋರು ಕೈ ಹಾಕೋದು ಷರತ್ತಿಗೇ. ಸೆಂಟ್ರಿಂಗ್, ಅಂದ್ರೆ ಹಸಿ ಕಾಂಕ್ರೀಟನ್ನು ಹಿಡಿದಿಡೋ ಹಲಗೆ, ಆಸರೆ, ಬಿಚ್ಚೋ ವಿಷಯ ತಗೊಳ್ಳಿ. ಸ್ಲ್ಯಾಬಿಗೆ 7 ದಿನ, 14 ದಿನ ಅಂತ ಎಲ್ಲ ಗೈಡಲ್ಲೂ ಇದೆ. 456ರ ಕಲಂ 11.3 ತೆಗೆದು ನೋಡಿ. ಕಾಂಕ್ರೀಟಿನ ಮೇಲೆ ಆ ಹೊತ್ತಿಗೆ ಬೀಳೋ ಒತ್ತಡದ ಕನಿಷ್ಠ ಎರಡರಷ್ಟು ಬಲ ಅದಕ್ಕೆ ಬಂದಿರಬೇಕು ಅನ್ನೋದು ಅಲ್ಲಿನ ಮೊದಲ ಮಾತು. ದಿನಗಳ ಪಟ್ಟಿ ಬರೋದು ಅದಾದ ಮೇಲೆ, ಅದಕ್ಕೂ ಷರತ್ತಿದೆ: ಹವೆಯ ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಹೋಗಬಾರದು, ಸಿಮೆಂಟು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಆಗಿರಬೇಕು, ಕ್ಯೂರಿಂಗ್ (ನೀರುಣಿಸೋದು) ಸರಿಯಾಗಿ ಆಗಿರಬೇಕು. ಇಷ್ಟಿದ್ದಾಗ ಗೋಡೆ, ಪಿಲ್ಲರ್ ಪಕ್ಕದ ಹಲಗೆ 16ರಿಂದ 24 ಗಂಟೆಗೆ ಬಿಚ್ಚಬಹುದು. 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪ್ರಾಪ್ (ಆಸರೆ ಕಂಬ) 7 ದಿನಕ್ಕೆ, ಅದಕ್ಕೂ ದೊಡ್ಡ ಸ್ಪ್ಯಾನ್ ಆದರೆ 14 ದಿನಕ್ಕೆ. ಬೀಮಿಗೆ 6 ಮೀಟರ್‌ವರೆಗೆ 14, ಮೇಲಾದರೆ 21.

ಈಗ ನಿಮ್ಮ ಸೈಟಲ್ಲಿ ಬಿದ್ದಿರೋ ಸಿಮೆಂಟ್ ಚೀಲ ತಿರುಗಿಸಿ ನೋಡಿ. ಮನೆ ಕಟ್ಟೋ ಕಡೆ ಬಹುಪಾಲು ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಇರುತ್ತೆ. ಅಂದ್ರೆ ಪಟ್ಟಿಯ ದಿನಗಳು ಅಲ್ಲಿಗೆ ಹಾಗೇ ಅನ್ವಯಿಸಲ್ಲ, ಬದಲಾಯಿಸಿಕೊಳ್ಳಬೇಕು ಅಂತ ಕೋಡೇ ಹೇಳುತ್ತೆ. ಕ್ಯೂರಿಂಗೂ ಹಾಗೆಯೇ. ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10. ಒಣ ಬಿಸಿಲಿನ ಹವೆಯಲ್ಲಿ ಓಪಿಸಿಗೇ 10 ದಿನ ಬೇಕು, ಮಿಶ್ರ ಸಿಮೆಂಟಿಗೆ 14ರವರೆಗೆ ನೀರು ಹೊಡೆಯಿರಿ ಅಂತ ಸಲಹೆ. ಏಪ್ರಿಲ್ ಬಿಸಿಲಲ್ಲಿ ಮೋಲ್ಡ್ ಹಾಕಿಸಿ ವಾರಕ್ಕೇ ನೀರು ನಿಲ್ಲಿಸೋ ಮನೆ ಮಾಲೀಕರಿಗೆ ಇದನ್ನು ಹೇಳಿ ನೋಡಿ, ನಿಮಗೂ ಮರೆಯಲ್ಲ.

ಇನ್ನು ಪಿಲ್ಲರ್. 9 ಇಂಚು 12 ಇಂಚಿನ ಪಿಲ್ಲರ್, 12 ಎಂಎಂ ಕಂಬಿ ಅಂತಿಟ್ಟುಕೊಳ್ಳಿ. ಉದ್ದ ಕಂಬಿಗಳನ್ನು ಸುತ್ತಿ ಕಟ್ಟೋ ರಿಂಗಿನ ಅಂತರಕ್ಕೆ ಮೂರು ಮಿತಿ, ಇವುಗಳಲ್ಲಿ ಕಡಿಮೆ ಇರೋದನ್ನು ಮೀರಬಾರದು: ಪಿಲ್ಲರಿನ ಸಣ್ಣ ಬದಿ, ಅತಿ ಸಣ್ಣ ಉದ್ದ ಕಂಬಿಯ ವ್ಯಾಸದ 16 ಪಟ್ಟು, 300 ಎಂಎಂ. ಇಲ್ಲಿ 230, 192, 300. ಕಡಿಮೆ ಇರೋದು 192, ಅದೇ ಉತ್ತರ. ಬಾರ್‌ಬೆಂಡರ್ ಆರಿಂಚಿಗೊಂದು ರಿಂಗು ಕಟ್ಟಿದ್ರೆ ಸುಮಾರು 150, ಪಾಸು. ಎಂಟಿಂಚಿಗೆ ಎಳೆದಿದ್ರೆ 200 ದಾಟುತ್ತೆ, ಬಿಚ್ಚಿಸಿ. ಅದೇ ಪಿಲ್ಲರಿಗೆ 16 ಎಂಎಂ ಕಂಬಿ ಹಾಕಿದ್ರೆ ಹದಿನಾರು ಪಟ್ಟು 256 ಆಗುತ್ತೆ, ಆಗ ಉತ್ತರ 230. ಪರೀಕ್ಷೆಯಲ್ಲಿ ಬರೋದು ಈ ಥರದ ತಿರುವೇ. ಉದ್ದ ಕಂಬಿ ಪಿಲ್ಲರಿನ ಅಡ್ಡಕೊಯ್ತದ ವಿಸ್ತೀರ್ಣದ ಕನಿಷ್ಠ ಶೇ 0.8, ಗರಿಷ್ಠ ಶೇ 6, ಚೌಕ ಪಿಲ್ಲರಿಗೆ ನಾಲ್ಕು, ದುಂಡಗಿನದಕ್ಕೆ ಆರು ಕಂಬಿ, 12 ಎಂಎಂಗಿಂತ ಸಣ್ಣದು ಬೇಡ. ಟೇಪು ಹೇಗೂ ಜೇಬಲ್ಲೇ ಇರುತ್ತೆ, ದಿನಾ ಒಂದು ಪಿಲ್ಲರ್ ಅಳೆಯಿರಿ.

ನನಗೆ ತುಂಬಾ ಇಷ್ಟವಾದದ್ದು ಕೋಷ್ಟಕ 3. ಕಾಂಕ್ರೀಟು ಎಂಥ ಪರಿಸರದಲ್ಲಿದೆ ಅಂತ ವಿಂಗಡಿಸೋ ಪಟ್ಟಿ ಅದು. ಮನೆಗೆ ಎಂ20 ದರ್ಜೆಯ ಕಾಂಕ್ರೀಟು ಸಾಕು ಅಂತ ಮೇಸ್ತ್ರಿಯಿಂದ ಹಿಡಿದು ಎಲ್ಲರೂ ಹೇಳ್ತಾರೆ. ಮಳೆ ಗಾಳಿ ತಾಗದ ಒಳಗಿನ ಭಾಗಕ್ಕೆ ಸರಿ, ಅದು ಮೈಲ್ಡ್. ಆದರೆ ಮಣ್ಣಲ್ಲಿ ಹೂತಿರೋ ಕಾಂಕ್ರೀಟು, ಆ ಮಣ್ಣು ಎಷ್ಟೇ ನಿರಪಾಯದ್ದಾಗಿರಲಿ, ಮಾಡರೇಟ್ ಸಾಲಿಗೆ ಸೇರುತ್ತೆ. ಅಲ್ಲಿಂದ ಕೋಷ್ಟಕ 5ಕ್ಕೆ ಹೋದರೆ ಆರ್‌ಸಿಸಿಗೆ ಕನಿಷ್ಠ ಎಂ25, ನೀರು-ಸಿಮೆಂಟ್ ಅನುಪಾತ 0.50 ಮೀರಬಾರದು. ಕೋಷ್ಟಕ 16ಕ್ಕೆ ಹೋದರೆ ಕವರ್ (ಕಂಬಿಯನ್ನು ಮುಚ್ಚೋ ಕಾಂಕ್ರೀಟಿನ ದಪ್ಪ) 30 ಎಂಎಂ, ಫೂಟಿಂಗಿಗಂತೂ ಬೇರೆ ಕಲಂ ಪ್ರಕಾರ ಕನಿಷ್ಠ 50. ಮಂಡ್ಯ ಸುತ್ತ ನಾಲೆ ನೀರಿನ ಗದ್ದೆ ಪಕ್ಕ ಪಾಯ ತೆಗೆಸೋ ನಿಮಗೆ ಇದು ಪರೀಕ್ಷೆಗಿಂತ ಮೊದಲೇ ಕೆಲಸಕ್ಕೆ ಬರುತ್ತೆ. ಕೋಷ್ಟಕ 16ರ ಅಡಿಟಿಪ್ಪಣಿಯನ್ನೂ ಬಿಡಬೇಡಿ: ಮೈಲ್ಡ್‌ನಲ್ಲಿ 12 ಎಂಎಂವರೆಗಿನ ಕಂಬಿಗೆ 20ರ ಕವರನ್ನು 5 ಎಂಎಂ ಇಳಿಸಬಹುದು. ಮನೆ ಸ್ಲ್ಯಾಬಿನ 15 ಎಂಎಂ ಕವರ್ ಬಂದಿದ್ದು ಇಲ್ಲಿಂದ.

ಕ್ಯೂಬ್ ಟೆಸ್ಟಿಗೆ ಎಷ್ಟು ಘನ ಮೀಟರಿಗೆ ಎಷ್ಟು ಸ್ಯಾಂಪಲ್, ಸ್ಲ್ಯಾಬಿಗೆ ಟಿಎಂಟಿ ಕನಿಷ್ಠ ಶೇ 0.12, ಸುರಕ್ಷಾ ಗುಣಕ ಕಾಂಕ್ರೀಟಿಗೆ 1.5, ಕಂಬಿಗೆ 1.15, ಇವೆಲ್ಲ ನೇರ ಪ್ರಶ್ನೆಗಳು. ಇವಕ್ಕೆ ಗೈಡೇ ಸಾಕು. ಜನ, ಸಾಮಾನಿನ ಭಾರ (ಲೈವ್ ಲೋಡ್) ಹೇಳೋ ಐಎಸ್ 875ರ ಎರಡನೇ ಭಾಗದಲ್ಲಿ ಮನೆ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಬಾಲ್ಕನಿಗೆ 3, ಓಡಾಡೋ ತಾರಸಿಗೆ 1.5. ಭೂಕಂಪದ ಐಎಸ್ 1893, 2016ರ ಆವೃತ್ತಿಯಲ್ಲಿ ನಮ್ಮ ಮೈಸೂರು, ಮಂಡ್ಯ ಎರಡೂ ವಲಯ 2, ಅಂದ್ರೆ ಅತಿ ಕಡಿಮೆ ಅಪಾಯದ ವಲಯ. ಅದಕ್ಕೇ ಭೂಕಂಪ ತಾಳೋ ಹಾಗೆ ಕಂಬಿ ಕಟ್ಟೋ ಕೋಡ್ ಐಎಸ್ 13920ರ ರಿಂಗಿನ ವಿವರಗಳು ಇಲ್ಲಿ ಕಡ್ಡಾಯ ಅಲ್ಲ, ಆದರೂ ರಿಂಗಿನ ಕೊಕ್ಕೆಯನ್ನು 135 ಡಿಗ್ರಿಗೆ ಬಗ್ಗಿಸೋದು ಒಳ್ಳೇ ಅಭ್ಯಾಸ.

ರಾಷ್ಟ್ರೀಯ ಕಟ್ಟಡ ಸಂಹಿತೆ, ಅದೇ ಎನ್‌ಬಿಸಿ 2016, ಎರಡು ದಪ್ಪ ಸಂಪುಟ. ಅದನ್ನು ಓದೋಕೆ ಕೂತರೆ ಪರೀಕ್ಷೆ ದಿನಾಂಕ ಕಳೆದುಹೋಗುತ್ತೆ. ಮೂರನೇ ಭಾಗದ ಕೋಣೆ ಅಳತೆ, ನಾಲ್ಕನೇ ಭಾಗದ ಅಗ್ನಿಸುರಕ್ಷೆಯಲ್ಲಿ 15 ಮೀಟರ್ ಮತ್ತು ಅದಕ್ಕೂ ಎತ್ತರದ್ದು ಹೈರೈಸ್ ಅನ್ನೋದು, ಇಷ್ಟು ನೋಡಿ. ಕೋಣೆ ಒಂದೇ ಇದ್ದರೆ ಕನಿಷ್ಠ 9.5 ಚದರ ಮೀಟರ್, ಅಗಲ 2.4. ಎರಡಿದ್ದರೆ ಒಂದು 9.5, ಇನ್ನೊಂದು 7.5 ಇದ್ದರೂ ಆಯ್ತು. ನಮ್ಮ ಕಡೆ ಎಲ್ಲರೂ ಕೇಳೋ ಹತ್ತು ಬೈ ಹತ್ತು ರೂಮನ್ನು ಲೆಕ್ಕ ಹಾಕಿ: 9.29. ಎರಡನೇ ರೂಮಾಗಿ ನಡೆಯುತ್ತೆ, ಒಂಟಿ ರೂಮಾಗಿ ನಡೆಯಲ್ಲ! ಒಂದು ಮಾತು ನೆನಪಿರಲಿ, ಎನ್‌ಬಿಸಿ ತಾನೇ ಕಾನೂನಲ್ಲ, ಮಾರ್ಗದರ್ಶಿ. ಪ್ಲಾನ್ ಮಂಜೂರಾತಿಗೆ ಸೆಟ್‌ಬ್ಯಾಕ್ ನೋಡೋದು ಸ್ಥಳೀಯ ಉಪವಿಧಿ, ವಲಯ ನಿಯಮಗಳಲ್ಲಿ. ನಗರಸಭೆಯ ಅಳತೆಯನ್ನು ಎನ್‌ಬಿಸಿ ಪ್ರಶ್ನೆಗೆ ಉತ್ತರವಾಗಿ ಬರೆದುಬಿಡಬೇಡಿ.

ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೀತಾರೆ. ಅಂಕಿ ಗೊತ್ತಿದ್ದು ಷರತ್ತು ಗೊತ್ತಿಲ್ಲದೋರಿಗೆ ಎರಡು ಆಯ್ಕೆ ಒಂದೇ ಥರ ಕಾಣುತ್ತೆ, ಅಲ್ಲೇ ಅಂಕ ಸೋರಿಹೋಗೋದು. ಕಡ್ಡಾಯ ಕನ್ನಡ ಪತ್ರಿಕೆ 150 ಅಂಕದ್ದು, 50 ಬಂದರೆ ಸಾಕು, ಆದರೆ ಅದು ಬರದಿದ್ದರೆ ಉಳಿದಿದ್ದು ಲೆಕ್ಕಕ್ಕೇ ಬರಲ್ಲ. ನಮ್ಮ ಭಾಷೆ ತಾನೇ ಅಂತ ಪ್ರಬಂಧ, ಸಂಕ್ಷೇಪ ಲೇಖನ ಬರೆದು ನೋಡದೆ ಹೋಗಬೇಡಿ. ಸಾಮಾನ್ಯ ಜ್ಞಾನಕ್ಕೆ ಮೈಸೂರಿಗೆ ಬಂದು ಹೋಗೋಕೆ ಆದ್ರೆ ಮುಕ್ತ ವಿಶ್ವವಿದ್ಯಾನಿಲಯದ ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಕೇಂದ್ರ ವಿಚಾರಿಸಿ. ಕೋಡಿಗೆ ಮಾತ್ರ ಕೋಚಿಂಗ್ ಫೀಸು ಕಟ್ಟಬೇಡಿ, ನಿಮಗೆ ಸೈಟಿದೆ. ಹಿಂದಿನ ಪ್ರಶ್ನೆಪತ್ರಿಕೆ ಬಿಡಿಸುವಾಗ ಉತ್ತರ ಸರಿ ಬಂದರೂ ಆ ಕಲಂ ತೆಗೆದು, ಅದರ ಹಿಂದಿನ ಮುಂದಿನ ಎರಡು ಸಾಲು ಓದಿಕೊಳ್ಳಿ. ಮುಂದಿನ ಪತ್ರಿಕೆಯ ಪ್ರಶ್ನೆ ಬಹುಮಟ್ಟಿಗೆ ಆ ಎರಡು ಸಾಲಲ್ಲೇ ಇರುತ್ತೆ.