ಗಿಟಾರ್ ಬಂದರೆ ಕೀಬೋರ್ಡ್ ಎಲ್ಲಿ ಕೂರಬೇಕು?

ಪ್ರಶ್ನೆ: ನಾವು ಮಂಡ್ಯದ ನಾಲ್ವರು ಗೆಳೆಯರು. ಕಾಲೇಜಿನಲ್ಲಿದ್ದಾಗ ಕೀಬೋರ್ಡ್ ಮತ್ತು ಕಂಪ್ಯೂಟರ್ ತಾಳ ಇಟ್ಟುಕೊಂಡು ಸ್ವಂತ ಹಾಡು ಕಟ್ಟುತ್ತಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ಐದು ವರ್ಷ ಎಲ್ಲವೂ ನಿಂತುಹೋಯಿತು. ಈಗ ಮತ್ತೆ ಸೇರಿದ್ದೇವೆ. ಆದರೆ ಇಬ್ಬರು ಗೆಳೆಯರು ಈ ಸಲ ಹಾಡುಗಳೆಲ್ಲ ಗಿಟಾರ್ ಮೇಲೆಯೇ ನಡೆಯಲಿ ಎನ್ನುತ್ತಾರೆ. ಇಂಗ್ಲೆಂಡಿನ ನ್ಯೂ ಆರ್ಡರ್ ತಂಡವೂ ಹಾಗೆಯೇ ಮಾಡಿತಲ್ಲ ಎಂದು ಉದಾಹರಣೆ ಕೊಡುತ್ತಾರೆ. ಆ ತಂಡದ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಹಾಡುಗಳನ್ನು ಕೇಳಿಯೇ ನಾನು ಸಂಗೀತಕ್ಕೆ ಬಂದವನು. ಅವರು ತಮ್ಮ ದಾರಿ ಬಿಟ್ಟದ್ದು ಸರಿಯೇ? ಕೀಬೋರ್ಡ್ ನುಡಿಸುವ ನಾನು ತಂಡದಲ್ಲಿ ಉಳಿಯಬೇಕೇ?
— ಒಬ್ಬ ಓದುಗ, ವಿದ್ಯಾನಗರ, ಮಂಡ್ಯ

ಉತ್ತರ: ಉಳಿಯಿರಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಏಕೆಂದರೆ ನಾನೂ ಕೀಬೋರ್ಡಿನವನು, ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತೆರಡು ವರ್ಷ ನುಡಿಸಿದವನು.

ನ್ಯೂ ಆರ್ಡರ್ ದಾರಿ ಬಿಟ್ಟಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀವು ಹೇಳುತ್ತಿರುವುದು 2001ರ ‘ಗೆಟ್ ರೆಡಿ’ ಆಲ್ಬಮ್ ಬಗ್ಗೆ. 1993ರ ಆಲ್ಬಮ್ ಆದ ಮೇಲೆ ಎಂಟು ವರ್ಷ ಅವರಿಂದ ಹೊಸ ಆಲ್ಬಮ್ ಬಂದಿರಲಿಲ್ಲ. ಬಂದಾಗ ಮೊದಲು ಕಿವಿಗೆ ಬಿದ್ದದ್ದು ಗಿಟಾರ್. 1983ರಲ್ಲಿ ಡ್ರಮ್ ಯಂತ್ರದ ಮೇಲೆ ‘ಬ್ಲೂ ಮಂಡೇ’ ಎಂಬ ಏಳು ನಿಮಿಷಕ್ಕೂ ಮೀರಿದ ಹಾಡು ಕಟ್ಟಿ ಕುಣಿಸಿದವರು ಇವರೇನಾ ಎಂದು ನಿಮ್ಮಂಥವರಿಗೆ ಅನ್ನಿಸಿದ್ದು ಸಹಜ. ಆದರೆ ಇನ್ನೂ ಹಿಂದಕ್ಕೆ ಹೋಗಿ ನೋಡಿ. ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ಸ್ಟೀಫನ್ ಮಾರಿಸ್ ಈ ಮೂವರೂ ಜಾಯ್ ಡಿವಿಷನ್ ತಂಡದವರು. ಅದು ಗಿಟಾರಿನ ತಂಡ. 1980ರ ಮೇ ತಿಂಗಳಲ್ಲಿ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ ಮೇಲೆ ಉಳಿದ ಮೂವರು ತಂಡದ ಹೆಸರನ್ನು ನ್ಯೂ ಆರ್ಡರ್ ಎಂದು ಬದಲಿಸಿಕೊಂಡರು. ಅದೇ ವರ್ಷ ಜಿಲಿಯನ್ ಗಿಲ್ಬರ್ಟ್ ಕೀಬೋರ್ಡಿಗೆ ಬಂದರು. ಸಿಂಥಸೈಜರ್ ಅವರು ಆಮೇಲೆ ಕಲಿತ ಭಾಷೆ. 2001ರಲ್ಲಿ ಅವರು ಹೋದದ್ದು ತವರಿಗೆ, ಅದೂ ಕಲಿತ ಭಾಷೆಯನ್ನು ಮರೆಯದೆ. ಆ ಆಲ್ಬಮ್‌ನಲ್ಲಿಯೂ ಸಿಂಥಸೈಜರ್ ಇದೆ, ಗಿಟಾರಿನ ಹಿಂದೆ ಕುಳಿತಿದೆ ಅಷ್ಟೇ.

ಅದರ ‘ಕ್ರಿಸ್ಟಲ್’ ಹಾಡನ್ನು ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಿಟಾರನ್ನು ಬಿಟ್ಟು ಹುಕ್ ಅವರ ಬಾಸ್ ಎಲ್ಲಿ ಓಡಾಡುತ್ತಿದೆ ಎಂದು ಹುಡುಕಿ. ಬಾಸ್ ಗಿಟಾರ್ ಸಾಮಾನ್ಯವಾಗಿ ತಗ್ಗಿನಲ್ಲಿ ನೆಲ ಕಾಯುತ್ತದೆ. ಹುಕ್ ಮೇಲಿನ ಸ್ವರಗಳಲ್ಲಿ ರಾಗವನ್ನೇ ಹಾಡಿಸುತ್ತಾರೆ. ಈ ಅಭ್ಯಾಸ ಹುಟ್ಟಿದ್ದೇ ಗಿಟಾರಿನ ಕಾಟದಿಂದ. ಜಾಯ್ ಡಿವಿಷನ್ ಕಾಲದಲ್ಲಿ ಸಮ್ನರ್ ಗಿಟಾರಿನ ಅಬ್ಬರಕ್ಕೆ ಹುಕ್ ಅವರ ತಗ್ಗು ಸ್ವರಗಳು ಅವರಿಗೇ ಕೇಳಿಸುತ್ತಿರಲಿಲ್ಲ, ಹಾಗಾಗಿ ಮೇಲೆ ಹತ್ತಿದರು. ಕೇಳಿಸಲಿಕ್ಕಾಗಿ ಹುಡುಕಿಕೊಂಡ ಜಾಗವೇ ಆ ತಂಡದ ಗುರುತಾಯಿತು. ನಮ್ಮ ತಿರುಮಕೂಡಲು ನರಸೀಪುರದ ಕಡೆಯ ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದೂ ಸಭೆಯ ಕೊನೆಯ ಸಾಲಿಗೆ ನಾದ ಮುಟ್ಟಲಿ ಎಂದೇ. ನಿಮ್ಮ ಮುಂದಿರುವ ಕೆಲಸವೂ ಅದೇ.

ನನ್ನದೊಂದು ಸಂಗತಿ ಹೇಳುತ್ತೇನೆ. 1987ರಲ್ಲಿ ನಾನು ಸಾಲ ಮಾಡಿ ಕ್ಯಾಸಿಯೊ ಕೀಬೋರ್ಡ್ ಕೊಂಡು ಆರ್ಕೆಸ್ಟ್ರಾ ಸೇರಿದೆ. ಅಲ್ಲಿ ಅಗ್ರಹಾರದ ಒಬ್ಬ ಹಿರಿಯರು ಅಕಾರ್ಡಿಯನ್ ನುಡಿಸುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಅಕಾರ್ಡಿಯನ್ ಸದ್ದೂ ಬರುತ್ತಿತ್ತು. ಒಬ್ಬರ ಸಂಭಾವನೆ ಉಳಿಯಿತು ಎಂದು ವ್ಯವಸ್ಥಾಪಕರಿಗೆ ಸಂತೋಷ. ಆ ಹಿರಿಯರನ್ನು ಯಾರೂ ಬೇಡ ಎನ್ನಲಿಲ್ಲ. ಮುಂದಿನ ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಕರೆಯಲೂ ಇಲ್ಲ. ಆದರೂ ಬಂದಿದ್ದರು. ಪೆಂಡಾಲಿನ ಕಂಬಕ್ಕೆ ಒರಗಿ, ತಾವು ನುಡಿಸುತ್ತಿದ್ದ ಸಂಗೀತವನ್ನು ನನ್ನ ಗುಂಡಿಗಳಿಂದ ಕೇಳುತ್ತ ನಿಂತಿದ್ದರು. ಹಾಡು ಮುಗಿದಾಗ ನನ್ನ ಕಡೆ ನೋಡಿ ತಲೆದೂಗಿದರು. ನನಗೆ ತಲೆ ಎತ್ತಲಾಗಲಿಲ್ಲ. ಚರಣಕ್ಕೆ ಮುಂಚಿನ ನಾಲ್ಕು ಆವರ್ತವನ್ನು ಅವರಿಗೆ ಬಿಡಿ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆದ್ದರಿಂದ ನಿಮ್ಮ ಗೆಳೆಯರು ಗಿಟಾರ್ ತರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನಿಮಗೆ ಜಾಗ ಬಿಡದಿದ್ದರೆ ಅದು ತಪ್ಪು. ಜಿಲಿಯನ್ ಗಿಲ್ಬರ್ಟ್ ‘ಗೆಟ್ ರೆಡಿ’ ಬಂದ ಹೊತ್ತಿಗೆ ಮಗಳ ಅನಾರೋಗ್ಯದ ಕಾರಣ ತಂಡದಿಂದ ಹಿಂದೆ ಸರಿದರು. ಗಿಟಾರ್ ಮತ್ತು ಕೀಬೋರ್ಡಿಗೆ ಫಿಲ್ ಕನಿಂಗ್‌ಹ್ಯಾಮ್ ಬಂದರು. 2011ರಲ್ಲಿ ಜಿಲಿಯನ್ ಮರಳಿದಾಗ ಕನಿಂಗ್‌ಹ್ಯಾಮ್ ಹೋಗಬೇಕಾಗಲಿಲ್ಲ, ಇಬ್ಬರೂ ಉಳಿದರು. ನಿಮ್ಮ ಗೆಳೆಯರು ಉದಾಹರಣೆ ಕೊಡುವಾಗ ಇದನ್ನೂ ಸೇರಿಸಿಕೊಳ್ಳಲಿ.

ಇನ್ನು ಕೈಗೆ ಸಂಬಂಧಿಸಿದ ಮಾತು. ಗಿಟಾರಿಗೆ ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಹಾಕಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸಿದರೆ ಕೀಬೋರ್ಡಿನ ನಡುಭಾಗವೆಲ್ಲ ಅದರಲ್ಲಿ ಮುಳುಗುತ್ತದೆ. ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಎಡಗೈಯನ್ನು ಪೂರ್ತಿ ಎತ್ತಿಬಿಡಿ, ಬಾಸ್ ಇದೆಯಲ್ಲ. ಬಲಗೈಯಲ್ಲಿ ಒಂದು ಸ್ಥಾಯಿ ಮೇಲೆ ಹೋಗಿ ಎರಡೇ ಎರಡು ಸ್ವರ ಹಿಡಿಯಿರಿ, ಅಥವಾ ಇಡೀ ಸಾಲಿಗೆ ಒಂದೇ ಸ್ವರವನ್ನು ಉದ್ದಕ್ಕೆ ನಿಲ್ಲಿಸಿ. ಪಲ್ಲವಿಯಲ್ಲಿ ಸುಮ್ಮನಿದ್ದು ಚರಣದಲ್ಲಿ ಬಂದರೆ ಇನ್ನೂ ಒಳ್ಳೆಯದು. ಹತ್ತು ಬೆರಳೂ ದುಡಿಯಬೇಕು ಎಂಬ ಹಟವನ್ನು ಬಿಡಲು ನನಗೆ ಹದಿನೈದು ವರ್ಷ ಬೇಕಾಯಿತು.

ಈ ಪುಟವನ್ನು ಆ ಇಬ್ಬರು ಗೆಳೆಯರಿಗೂ ಓದಲು ಕೊಡಿ. ಅಭ್ಯಾಸಕ್ಕೆ ಕುಳಿತಾಗ ಅವರು ನಿಮ್ಮ ಕೀಬೋರ್ಡಿನ ಸ್ವರಕ್ಕೇ ತಂತಿ ಕೂಡಿಸಿಕೊಳ್ಳಲಿ. ಹಾಡಿನಿಂದ ಹಾಡಿಗೆ ತಂತಿ ಸಡಿಲುತ್ತದೆ, ನಿಮ್ಮ ಸ್ವರ ಕದಲುವುದಿಲ್ಲ.