ತಿರುವಿನಲ್ಲಿ ಗರಗರ: ಬೇರಿಂಗೋ, ಆಕ್ಸಲೋ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೋಗುವಾಗ ವೇಗ 50 ದಾಟಿದರೆ ಮುಂದಿನ ಚಕ್ರದಿಂದ ಗರ್‍ರ್ ಎಂದು ಸದ್ದು. ಬಲಕ್ಕೆ ತಿರುಗಿಸಿದರೆ ಜೋರು, ಎಡಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಎರಡೂ ಕಡೆಯ ಬೇರಿಂಗ್, ಜೊತೆಗೆ ಆಕ್ಸಲ್ ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಇಷ್ಟೂ ಬೇಕೇ?
– ಓದುಗರು, ಆನಗೋಡು

ಉತ್ತರ: ಇಷ್ಟೂ ಬೇಕಾಗಲಿಕ್ಕಿಲ್ಲ. ಮೊದಲು ಅನುಮಾನಿಸಬೇಕಾದ್ದು ಎಡ ಮುಂಚಕ್ರದ ಬೇರಿಂಗ್ (ಚಕ್ರ ಸರಾಗ ತಿರುಗಲು ಒಳಗೆ ಕೂತ ಗುಂಡುಗಳ ಉಂಗುರ) ಒಂದನ್ನೇ. ಕಾರು ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ವಾಲುತ್ತದೆ. ಸವೆದ ಬೇರಿಂಗ್ ಮೇಲೆ ಹೊರೆ ಬಿದ್ದಷ್ಟೂ ಸದ್ದು ಏರುತ್ತದೆ, ಹೊರೆ ಇಳಿದರೆ ಅಡಗುತ್ತದೆ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಆಕ್ಸಲ್ಲಿನ ತುದಿಯಲ್ಲಿರುವ, ಚಕ್ರ ತಿರುವಿದರೂ ಬಾಗಿ ತಿರುಗುವ ಸಿ.ವಿ. ಜಾಯಿಂಟ್ ಕೆಟ್ಟರೆ ಗರಗರ ಬರುವುದು ಅಪರೂಪ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಕ್ಸಲರೇಟರ್ ಒತ್ತಿದಾಗ ಟಕ್ ಟಕ್ ಟಕ್ ಎನ್ನುತ್ತದೆ. ಖಾಲಿ ಮೈದಾನದಲ್ಲಿ ಎರಡೂ ದಿಕ್ಕಿಗೆ ಒಂದೊಂದು ಸುತ್ತು ಹಾಕಿ ನೋಡಿ. ಟಕ್ ಟಕ್ ಇಲ್ಲ, ಚಕ್ರದ ಒಳಬದಿಯಲ್ಲಿ ಆ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿಲ್ಲ, ರಿಮ್ಮಿನ ಒಳಗೆ ಗ್ರೀಸ್ ಸಿಡಿದಿಲ್ಲ ಎಂದಾದರೆ ಆಕ್ಸಲ್ ಮುಟ್ಟುವ ಅಗತ್ಯವಿಲ್ಲ.

ಟೈರಿನ ಸದ್ದನ್ನೇ ಬೇರಿಂಗ್ ಎಂದು ತಿಳಿದು ದುಡ್ಡು ಕಳೆದುಕೊಳ್ಳುವವರು ಬಹಳ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಇಳಿದಾಗ ಸದ್ದಿನ ಧಾಟಿ ಬದಲಾದರೆ ಟೈರ್. ರಸ್ತೆ ಯಾವುದಾದರೂ ಅದೇ ಗರಗರವಿದ್ದರೆ ಬೇರಿಂಗ್. ಟೈರಿನ ಮೈಮೇಲೆ ಅಂಗೈ ಸವರಿದಾಗ ಏರುತಗ್ಗು ಸಿಕ್ಕಿದರೆ ಮುಂದಿನ ಟೈರ್ ಹಿಂದಕ್ಕೆ ಹಾಕಿ ಓಡಿಸಿ. ಸದ್ದೂ ಹಿಂದಕ್ಕೆ ಹೋದರೆ ಉತ್ತರ ಸಿಕ್ಕಿತು.

ಇಷ್ಟಾದ ಮೇಲೆ ಜಾಕ್. ಗಟ್ಟಿ, ಸಮತಟ್ಟು ನೆಲವೇ ಆಗಬೇಕು. ಎರೆಮಣ್ಣಿನಲ್ಲಿ, ಅದರಲ್ಲೂ ಮಳೆ ಬಿದ್ದ ಮೇಲೆ, ಜಾಕ್ ವಾಲಿ ಹೂತುಹೋಗುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡು ಕೀಲು). ಎಡ-ಬಲ ಹಿಡಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ) ನೋಡಬೇಕು. ಆಟವೇ ಇಲ್ಲದೆಯೂ ಬೇರಿಂಗ್ ಕೆಟ್ಟಿರಬಹುದು. ಅದಕ್ಕೆ ಒಂದು ಕೈ ಶಾಕಪ್ಪಿನ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಒರಟು ಸ್ಪ್ರಿಂಗಿಗೆ ಹತ್ತಿ ಬೆರಳಿಗೆ ತಿಳಿಯುತ್ತದೆ. ಬಲ ಚಕ್ರಕ್ಕೂ ಹೀಗೇ ಮಾಡಿ ಹೋಲಿಸಿ. ತಿರುವಿನ ಲಕ್ಷಣ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ, ಕೈಗೆ ಸಿಕ್ಕಿದ್ದೇ ಸಾಕ್ಷಿ. ಒಂದೇ ಕಡೆ ಒರಟಿದ್ದರೆ ಒಂದನ್ನೇ ಬದಲಿಸಿ. ಬೇರಿಂಗನ್ನು ಜೋಡಿಯಾಗಿ ಹಾಕಲೇಬೇಕೆಂಬ ನಿಯಮವಿಲ್ಲ.

ಕೆಲಸ ಮಾಡಿಸುವ ಅಂಗಡಿಯಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆಯೇ ಎಂದು ಮೊದಲೇ ಕೇಳಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಒಳಗಿನ ಗುಂಡುಗಳು ಪಥದ ಮೇಲೆ ಗುಳಿ ಬೀಳಿಸುತ್ತವೆ, ಹೊಸ ಬೇರಿಂಗ್ ಬೇಗನೆ ಗರಗರ ಶುರುಮಾಡುತ್ತದೆ. ನಕಲ್ (ಬೇರಿಂಗ್ ಕೂರುವ ಲೋಹದ ಮನೆ) ಒಳಗೆ ಒತ್ತುವಾಗ ಬಲ ಹೊರ ಉಂಗುರದ ಮೇಲೆ ಬೀಳಬೇಕು. ಹಬ್ (ಚಕ್ರವನ್ನು ಬಿಗಿಯುವ ಭಾಗ) ಒತ್ತುವಾಗ ಒಳ ಉಂಗುರಕ್ಕೆ ಆಧಾರ ಕೊಡಬೇಕು. ಹಳೆಯ ಆಕ್ಸಲ್ ನಟ್ ಬೇಡ, ಹೊಸದನ್ನೇ ಹಾಕಿಸಿ. ಇಂಪ್ಯಾಕ್ಟ್ ಗನ್ನಿನಲ್ಲಿ ಅಂದಾಜಿಗೆ ಬಿಗಿಯುವುದೂ ಬೇಡ, ಆ ಮಾದರಿಯ ಸರ್ವಿಸ್ ಪುಸ್ತಕದ ಅಂಕಿ ಇಟ್ಟುಕೊಂಡು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಲಿ. ಆ ನಟ್ ಬಿಗಿಯುವ ಮೊದಲು ಚಕ್ರದ ಮೇಲೆ ಕಾರಿನ ಭಾರ ಬಿಡುವುದಾಗಲೀ ಕಾರು ತಳ್ಳುವುದಾಗಲೀ ಕೂಡದು. ಬೇರಿಂಗನ್ನು ಹಿಡಿದಿಡುವುದೇ ಆ ಬಿಗಿತ. ಸದ್ದಿನ ಜೊತೆ ಚಕ್ರದಲ್ಲಿ ಆಟವೂ ಬಂದಿದ್ದರೆ ಚಿತ್ರದುರ್ಗದ ಓಡಾಟಕ್ಕೆ ಸದ್ಯ ಬಸ್ಸೇ ಲೇಸು.

ಪ್ರಶ್ನೆ: ಬೇರಿಂಗ್ ಬದಲಿಸಿದ ಮೇಲೆ ಸದ್ದು ಹೋಯಿತು, ಆದರೆ ಎ.ಬಿ.ಎಸ್. ದೀಪ ಆರುತ್ತಿಲ್ಲ.
– ಓದುಗರು, ಹರಿಹರ

ಉತ್ತರ: ಎ.ಬಿ.ಎಸ್. ಎಂದರೆ ಗಟ್ಟಿಯಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಬೇರಿಂಗ್ ತಿರುಗುಮುರುಗಾಗಿ ಕೂತಿರಬಹುದು. ಹಲವು ಕಾರುಗಳಲ್ಲಿ ಅದರ ಒಂದು ಬದಿಯ ಸೀಲೇ ಅಯಸ್ಕಾಂತದ ಉಂಗುರ. ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರಿನ ಕಡೆಗಿರಬೇಕು. ನೋಡಲು ಎರಡೂ ಬದಿ ಒಂದೇ ಥರ, ಹಾಗಾಗಿ ಅವಸರದಲ್ಲಿ ಎಡವಟ್ಟಾಗುತ್ತದೆ. ಮೊದಲು ಸೆನ್ಸರಿನ ವೈರ್ ತುಂಡಾಗಿದೆಯೇ, ತುದಿಗೆ ಕಬ್ಬಿಣದ ಪುಡಿ ಹತ್ತಿದೆಯೇ ನೋಡಿಸಿ. ಅವೆಲ್ಲ ಸರಿಯಿದ್ದರೆ ಬೇರಿಂಗ್ ಬಿಚ್ಚಲೇಬೇಕು, ಬಿಚ್ಚಿದ್ದನ್ನು ಮತ್ತೆ ಹಾಕುವಂತಿಲ್ಲ. ಆ ಖರ್ಚು ಕೂರಿಸಿದವರದ್ದು ಎಂದು ವಾದಿಸಲು ನಿಮಗೆ ನ್ಯಾಯವಿದೆ. ಅಲ್ಲಿಯವರೆಗೆ ಬ್ರೇಕ್ ಹಿಡಿಯುತ್ತದೆ, ಆದರೆ ಗಟ್ಟಿಯಾಗಿ ತುಳಿದರೆ ಚಕ್ರ ಲಾಕ್ ಆಗಬಹುದು.

ಪ್ರಶ್ನೆ: ಜಲ್ಲಿ ರಸ್ತೆಯಲ್ಲಿ ಹೋಗಿಬಂದ ಮೇಲೆ ತಿರುಗಿಸುವಾಗ ಕಬ್ಬಿಣ ಉಜ್ಜಿದಂತೆ ಕರ್ಕಶ ಸದ್ದು. ನಿಧಾನಕ್ಕೆ ಹೋದರೂ ಬರುತ್ತದೆ.
– ಓದುಗರು, ಹೊಳಲ್ಕೆರೆ

ಉತ್ತರ: ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿ ಚೂರು ಸಿಕ್ಕಿರಬಹುದು. ಕಾರನ್ನು ನಾಲ್ಕಾರು ಅಡಿ ಹಿಂದಕ್ಕೆ, ಮುಂದಕ್ಕೆ ಆಡಿಸಿ; ಎಷ್ಟೋ ಸಲ ತಾನೇ ಉದುರುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿ, ಡಿಸ್ಕ್ ತಣ್ಣಗಾದ ಮೇಲೆ, ಸ್ಕ್ರೂಡ್ರೈವರಿನಿಂದ ತಗಡನ್ನು ಡಿಸ್ಕಿನಿಂದ ದೂರಕ್ಕೆ ಮೆಲ್ಲಗೆ ಬಾಗಿಸಿ, ಡಿಸ್ಕಿಗೆ ಎಲ್ಲೂ ತಾಗದಂತೆ ಎರಡು ಮೂರು ಮಿಲಿಮೀಟರ್ ಜಾಗ ಬಿಡಿ. ಚಕ್ರ ಬಿಚ್ಚಿದ್ದೀರಲ್ಲ, ಒಳಗಿನ ಬ್ರೇಕ್ ಪ್ಯಾಡನ್ನೂ ನೋಡಿ. ಹೊರಗಿನದು ದಪ್ಪಗಿದ್ದು ಒಳಗಿನದು ಸವೆದು ಕಬ್ಬಿಣ ಕಂಡಿರುವುದುಂಟು. 3 ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿಸಿ. ಬೇರಿಂಗಿನಂತಲ್ಲ, ಪ್ಯಾಡ್ ಜೋಡಿಯಾಗಿಯೇ ಬದಲಾಗಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.